ಅಣಬೆ ಹಾಕಿದ ಖಾರದ ಶಾವಿಗೆ

ಈ ಅಧ್ಯಾಯ ಬರೆಯುವುದನ್ನು ತಪ್ಪಿಸಿಕೊಳ್ಳಲು ನಾನು ಮಾಡದ ಉಪಾಯವಿಲ್ಲ. ಗಡಹಿಂಗ್ಲಜದ ನಮ್ಮ ಮನೆಯ ಬಗ್ಗೆ ಬರೆಯಲು ಕೂತಾಗಲೆಲ್ಲ ಪಡಸಾಲೆಯ ಬಗ್ಗೆ ಬರೆದೆ, ಅಟ್ಟದ ಬಗ್ಗೆ ಬರೆದೆ, ಬೆಲ್ಲದ ಪೆಂಟೆಗಳ ವಾಸನೆ ಹಿಡಿದ ಮುಂದಿನ ಕೋಣೆಯ ಬಗ್ಗೆ, ಹಿತ್ತಲ ಬಾವಿಯ ಬಗ್ಗೆ ಬರೆದೆ. ಅಡುಗೆಮನೆಯ ಹೊಸ್ತಿಲು ಬಂದೊಡನೆ ಪೆನ್ನು ಮುಚ್ಚಿ ಎದ್ದುಬಿಡುತ್ತಿದ್ದೆ. ನಾನು ಹೆಚ್ಚು ಓದಿದವನಲ್ಲ. ಮ್ಯಾಟ್ರಿಕ್ ಮುಗಿಸಿ ಕೊಲ್ಹಾಪುರದ ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತನಾದೆ, ಅಲ್ಲೇ ಮುದುಕನಾದೆ. ಅಡುಗೆಮನೆಯ ಬಗ್ಗೆ ಗಂಡಸರಿಗೆ ಏನು ಬರೆಯಲು ಬರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅದು ನೆಪ. ಹೇಳಲು ನಾಚಿಕೆಯಿತ್ತು, ಅಷ್ಟೇ.

ಹೋದ ಚಳಿಗಾಲದ ಒಂದು ಸಂಜೆ ನನ್ನ ಸೊಸೆ ಸ್ನೇಹಲ್ ಪೇಟೆಯಿಂದ ಕೊಲ್ಹಾಪುರದ ನಮ್ಮ ಮನೆಗೆ ಬಂದವಳೇ ಚೀಲ ಬಿಚ್ಚಿ ಅಡುಗೆ ಕಟ್ಟೆಯ ಮೇಲೆ ಒಂದೊಂದೇ ಇಡತೊಡಗಿದಳು. ನೂಡಲ್ಸಿನ ಪೊಟ್ಟಣ, ಒಂದು ಎಲೆಕೋಸು, ಸೋಯಾ ಸಾಸಿನ ಬಾಟಲಿ, ಮತ್ತೆ ಮೇಲೆ ತೆಳ್ಳಗಿನ ಹಾಳೆ ಬಿಗಿದ ಡಬ್ಬಿಯಲ್ಲಿ ಬೆಳ್ಳಗೆ ಗುಂಡಗೆ ಅಣಬೆಗಳು. ನಮ್ಮದು ಜೈನರ ಮನೆ. ಅಣಬೆ ನಮ್ಮಲ್ಲಿ ನಿಷಿದ್ಧ. ಈಗಿನ ಮಕ್ಕಳು ಹೊರಗೆ ತಿನ್ನುತ್ತಾರೆ, ಗೊತ್ತಿದ್ದೂ ನಾನು ಕೇಳುವುದಿಲ್ಲ. ಬೆಳ್ಳುಳ್ಳಿ ನಮ್ಮ ಒಲೆಗೆ ಎಂದೋ ಬಂದಿತ್ತು, ಅಣಬೆ ಮನೆಯೊಳಗೆ ಬಂದದ್ದು ಅದೇ ಮೊದಲು. ಅವಳು ನನ್ನ ಮುಖ ನೋಡಿ ಮರಾಠಿಯಲ್ಲಿ ಅಳುಕುತ್ತ ಕೇಳಿದಳು.

“ಬಾಬಾ, ಮಶ್ರೂಮ್ ಚಾಲತೀಲ ನಾ?”

“ಚಾಲತೀಲ,” ಎಂದೆ. ನಡೆಯುತ್ತದೆ ಅಂದದ್ದು ನಾನೇ ಹೌದೋ ಎಂದು ನನಗೇ ಆಶ್ಚರ್ಯವಾಯಿತು.

ಕಾದ ಎಣ್ಣೆಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಬಿತ್ತು. ಅಣಬೆ ಬಿತ್ತು. ಘಾಟು ಪಡಸಾಲೆಗೆ ಬಂದು ನನ್ನ ಮೂಗಿಗೆ ತಾಗಿದಾಗ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಆ ನೀರು ನಿಲ್ಲಲಿಲ್ಲ. ಸೊಸೆ ಹೆದರಿ ಕಿಟಕಿ ತೆಗೆದಳು. ನಾನು ತಟ್ಟೆ ಹಿಡಿದು ಕೂತು ಎಲ್ಲ ತಿಂದೆ, ಇನ್ನಷ್ಟು ಹಾಕಿಸಿಕೊಂಡೆ. ಈ ರುಚಿಯನ್ನು ನಾನು ಬಾಲ್ಯದಲ್ಲಿ ಒಂದೇ ಒಂದು ಸಲ ಕಂಡಿದ್ದೆ, ಮತ್ತು ಅದರ ಬೆಲೆಯನ್ನು ನನ್ನ ಬದಲಿಗೆ ಬೇರೆಯವರು ತೆರುವಂತೆ ಮಾಡಿದ್ದೆ.

ಗಡಹಿಂಗ್ಲಜದ ಆ ಮನೆಯಲ್ಲಿ ಅಪ್ಪನ ಮಾತು ನಡೆಯುತ್ತಿದ್ದುದು ಪಡಸಾಲೆಯವರೆಗೆ. ಅಲ್ಲಿಂದ ಒಳಗೆಲ್ಲ ಆಯಿಯದು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಸ್ನಾನ ಮಾಡದವರು ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಕುಡಿಯುವ ನೀರನ್ನು ದಪ್ಪ ಅರಿವೆಯಲ್ಲಿ ಸೋಸಬೇಕು. ಸೋಸಿದ ಅರಿವೆಯನ್ನು ಸುಮ್ಮನೆ ಹಿಂಡಿ ಒಣಹಾಕುವಂತಿಲ್ಲ, ಅದರಲ್ಲಿ ಸಿಕ್ಕ ಜೀವ ಸಾಯಬಾರದೆಂದು ಮತ್ತೆ ಬಾವಿಯ ನೀರಿಗೇ ಮೆಲ್ಲಗೆ ಬಿಡಬೇಕು. ದೀಪ ಹಚ್ಚುವ ಮೊದಲೇ ಊಟ ಮುಗಿಯಬೇಕು. ನೆಲದೊಳಗೆ ಬೆಳೆಯುವ ಗಡ್ಡೆ, ಬೆಳ್ಳುಳ್ಳಿ ಆ ಒಲೆಯ ಹತ್ತಿರ ಸುಳಿಯಬಾರದು. ಮಳೆಗಾಲದ ಚಾತುರ್ಮಾಸದಲ್ಲಿ ಸೊಪ್ಪು, ಎಲೆಕೋಸು ಕೂಡ ಬಂದ್. ಉಳಿದ ದಿನಗಳಲ್ಲಿ, ನಾವು ಕೋಬಿ ಎನ್ನುವ ಎಲೆಕೋಸು ಬಂದರೆ ಅವ್ವ ಮತ್ತು ಕಾಕು ಹಿಂಬಾಗಿಲ ಬಿಸಿಲಿಗೆ ಕೂತು, ಒಂದೊಂದೇ ಎಲೆ ಬಿಡಿಸಿ, ಬೆಳಕಿಗೆ ಹಿಡಿದು, ಹುಳ ಇದೆಯೇ ಎಂದು ನೋಡುತ್ತಿದ್ದರು. ಕಾಕು ಅಂದರೆ ಅಪ್ಪನ ತಮ್ಮನ ಹೆಂಡತಿ. ವಯಸ್ಸಿನಲ್ಲಿ ಅವ್ವನಿಗಿಂತ ಬಹಳ ಚಿಕ್ಕವಳು. ಅವಳ ಕೈ ಸುಮ್ಮನಿದ್ದರೂ ಬಾಯಿ ಸುಮ್ಮನಿರುತ್ತಿರಲಿಲ್ಲ.

“ಅಕ್ಕಾ, ಇಲ್ಲೊಬ್ಬ ಅದಾನ ನೋಡ್ರಿ. ಎಲಿ ಹೊಚ್ಚಿಕೊಂಡು ಮಲಗ್ಯಾನ.”

“ಎಬ್ಬಸಬ್ಯಾಡವಾ. ಎಲಿ ಸಮೇತ ಗಿಡದ ಬುಡಕ್ಕ ಇಟ್ಟು ಬಾ.”

“ಥೇಟ್ ನಮ್ಮ ಭಾವನವರ ಗತೆ ಕಾಣ್ತಾನ್ರಿ. ಊಟ ಆತು, ನಿದ್ದಿ ಆತು, ಮತ್ತ ಊಟ.”

ಭಾವ ಎಂದರೆ ನನ್ನ ಅಪ್ಪ. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಒಳಗಿನಿಂದ ಆಯಿ ಕೆಮ್ಮಿದರೆ ಇಬ್ಬರೂ ತಟ್ಟನೆ ಎಲೆ ನೋಡುವವರಂತೆ ತಲೆ ಬಗ್ಗಿಸುತ್ತಿದ್ದರು. ಬೇಸಿಗೆಯಲ್ಲಿ ಶಾವಿಗೆ ಹೊಸೆಯುವಾಗಲೂ ಹಾಗೇ. ಓರೆಯಾಗಿ ನಿಲ್ಲಿಸಿದ ಮಣೆಯ ಮೇಲ್ತುದಿಗೆ ಕಾಕು ಕೂತು ಹಿಟ್ಟು ಹೊಸೆದು ಎಳೆ ಬಿಡುತ್ತಿದ್ದಳು. ಕೆಳಗೆ ಅವ್ವ ಆ ಎಳೆಗಳನ್ನು ಹರಿಯದಂತೆ ಹಿಡಿದು, ತೂಗಿ ಉದ್ದ ಮಾಡಿ, ಕೋಲಿಗೆ ಹಾಕುತ್ತಿದ್ದಳು. ಒಬ್ಬರಿಂದ ಆಗುವ ಕೆಲಸವಲ್ಲ ಅದು. ಹಗಲೆಲ್ಲ ಅವರ ಮಾತು ಆ ಎಳೆಗಳ ಹಾಗೆ ಮೇಲಿಂದ ಕೆಳಗೆ ಇಳಿಯುತ್ತಲೇ ಇರುತ್ತಿತ್ತು.

ಕಾಕಾ ಮಿಲಿಟರಿಯಲ್ಲಿದ್ದ. ಮದುವೆಯಾದ ಹೊಸದರಲ್ಲಿ ಕಾಕುವನ್ನು ಅಸ್ಸಾಮಿನ ಕಡೆ ಕರೆದುಕೊಂಡು ಹೋಗಿದ್ದ. ಆಮೇಲೆ ಅವನನ್ನು ಗಡಿಗೆ ಹಾಕಿದ್ದರಿಂದ ಅವಳು ನಮ್ಮ ಮನೆಗೆ ಮರಳಿದ್ದಳು. ಅಲ್ಲಿ ಪಕ್ಕದ ಮನೆಯ ನೇಪಾಳಿ ಹೆಂಗಸು ಮಾಡುತ್ತಿದ್ದ ಖಾರದ ಶಾವಿಗೆಯ ಕತೆಯನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಳೋ. ನಮ್ಮಲ್ಲಿ ಶಾವಿಗೆ ಎಂದರೆ ಹಾಲು, ಬೆಲ್ಲ, ತುಪ್ಪ. ಶಾವಿಗೆಗೆ ಖಾರವೇ, ಎಲೆಕೋಸೇ, ಅದರ ಮೇಲೆ ಅಣಬೆಯೇ! ಕೇಳುತ್ತ ನನ್ನ ಬಾಯಲ್ಲಿ ನೀರೂರುತ್ತಿತ್ತು.

ಒಂದು ಆಷಾಢದಲ್ಲಿ, ಮಳೆ ಹಿಡಿದುಕೊಂಡಿದ್ದ ದಿನ, ನಾನು ಹೊಲಕ್ಕೆ ಹೋದಾಗ ಬದುವಿನ ಕೊಳೆತ ಹುಲ್ಲಿನಲ್ಲಿ ಅಣಬೆ ಎದ್ದಿದ್ದವು. ಕೂಲಿಗೆ ಬಂದಿದ್ದ ಹೆಂಗಸರು ಉಡಿ ತುಂಬಿಕೊಳ್ಳುತ್ತಿದ್ದರು. ತಿನ್ನುವಂಥವೇ ಎಂದು ಅವರನ್ನು ಕೇಳಿ ನಾನೂ ಅಂಗಿಯ ಮಡಿಲಲ್ಲಿ ತುಂಬಿಕೊಂಡು ಓಡಿ ಬಂದೆ. ಹಿತ್ತಲ ಕೊಟ್ಟಿಗೆಯಲ್ಲಿ ಕೂಲಿಯವರಿಗೆ ಅಡುಗೆ ಮಾಡುವ ಒಲೆ ಬೇರೆ ಇತ್ತು. ಅಲ್ಲಿ ಬೆಳ್ಳುಳ್ಳಿಗೂ ಅಡ್ಡಿಯಿಲ್ಲ, ಚಾತುರ್ಮಾಸದ ಎಲೆಕೋಸಿಗೂ ಅಡ್ಡಿಯಿಲ್ಲ. ಆದರೆ ಅಲ್ಲಿ ಬೇಯಿಸಿದ್ದು ನಮ್ಮ ಬಾಯಿಗೆ ಬರುವಂತಿರಲಿಲ್ಲ. ಆ ಹೊತ್ತಿಗೆ ಕಾಕು ಅಲ್ಲಿದ್ದಳು.

“ಹಾಳಾದವನ, ಇದನ್ಯಾಕ ತಂದ್ಯೋ ಭರ್ತ್ಯಾ? ಆಯಿ ನೋಡಿದ್ರ ನನ್ನ ಚರ್ಮಾ ಸುಲೀತಾಳ.”

“ನೀನ ಹೇಳಿದ್ದಿ, ಅಣಬಿ ಹಾಕಿದ್ರ ಅದರ ರುಚಿನ ಬ್ಯಾರೆ ಅಂತ.”

“ಹೇಳೂದು ಬ್ಯಾರೆ, ಮಾಡೂದು ಬ್ಯಾರೆ. ಒಯ್ದು ತಿಪ್ಪಿಗೆ ಒಗಿ.”

ನಾನು ಒಗೆಯಲಿಲ್ಲ. ಅವಳ ಸೆರಗು ಹಿಡಿದು ಹಿಂದೆ ಮುಂದೆ ಸುತ್ತಿದೆ, ಅತ್ತು ಕರೆದೆ, ಆಣೆ ಹಾಕಿದೆ. ಮಧ್ಯಾಹ್ನ ಆಯಿ ಮುನಿಗಳ ಪ್ರವಚನ ಕೇಳಲು ಬಸದಿಗೆ ಹೊರಟಳು. ಅವಳ ಛತ್ರಿ ಓಣಿಯ ತಿರುವಿನಲ್ಲಿ ಮರೆಯಾದದ್ದೇ ಕಾಕು ನನ್ನ ತಲೆಗೊಂದು ಮೊಟಕಿ, ಒಲೆ ಊದಿದಳು. ತುಂಡಾಗಿ ಉಳಿದ ದಪ್ಪ ಶಾವಿಗೆಯನ್ನು ಕುದಿಸಿ, ಇನ್ನೂ ಗಟ್ಟಿಯಿರುವಾಗಲೇ ಬುಟ್ಟಿಗೆ ಬಸಿದು, ಮೇಲೆ ತಣ್ಣೀರು ಸುರಿದಳು. ಕಬ್ಬಿಣದ ಬಾಣಲೆಯಲ್ಲಿ ಶೇಂಗಾ ಎಣ್ಣೆ ಹೊಗೆಯಾಡಿದ ಮೇಲೆ ಸಂಕೇಶ್ವರದ ಮೆಣಸಿನಕಾಯಿ ಮುರಿದು ಹಾಕಿದಳು, ಬೆಳ್ಳುಳ್ಳಿ ಜಜ್ಜಿ ಹಾಕಿದಳು. ಅಣಬೆಯನ್ನು ಕೈಯಿಂದ ಹರಿದು ಹಾಕಿದಾಗ ಅದು ನೀರು ಬಿಟ್ಟು ಚುರುಗುಟ್ಟಿತು. ಆ ನೀರು ಇಂಗುವ ತನಕ ಕಾದಳು. ಆಮೇಲೆ ಎಲೆಕೋಸನ್ನು ಕೂದಲಿನಂತೆ ಹೆಚ್ಚಿ, ಒಲೆಗೆ ಇನ್ನೆರಡು ಕಟ್ಟಿಗೆ ತಳ್ಳಿ, ಎಡೆಬಿಡದೆ ತಿರುವಿದಳು. ಅದು ಬಾಡಬಾರದು, ಹಲ್ಲಿಗೆ ಕರಕರ ಅನ್ನಬೇಕು ಎಂದಳು. ಅಸ್ಸಾಮಿನ ಕಪ್ಪು ಸಾಸು ಇಲ್ಲಿ ಎಲ್ಲಿ ಸಿಗಬೇಕು? ಹುಣಸೆ, ಬೆಲ್ಲ ಕಿವುಚಿ ಹೊಯ್ದಳು. ಕೊನೆಗೆ ಶಾವಿಗೆ ಸುರಿದು ಎರಡು ಸವುಟಿನಿಂದ ಮೇಲೆತ್ತಿ ಮೇಲೆತ್ತಿ ಕೆಳಗೆ ಬಿಟ್ಟಳು. ಕೆಂಪಗೆ, ಮಿರಮಿರ ಮಿಂಚುತ್ತಿತ್ತು.

ಘಾಟಿಗೆ ಅವ್ವ ಕೆಮ್ಮುತ್ತ ಬಂದಳು.

“ಏನವಾ ಇದು? ಓಣಿ ಮಂದಿ ಎಲ್ಲಾ ಸೀನಾಕತ್ತಾರ.”

“ಬಾಯಿ ತೆಗೀರಿ ಅಕ್ಕಾ.”

“ಏ ಬ್ಯಾಡ. ಅಣಬಿ ಒಂದು ಬ್ಯಾಡವಾ ನನಗ.”

“ಅಣಬಿ ನಿಮ್ಮ ಮಗನ ಪಾಲಿಗೆ. ತಂದಾವ ಅವನ, ತಿನ್ನಾವ ಅವನ. ನಿಮಗ ಬರೇ ಶಾವಗಿ.”

ಒಂದೇ ಬಾಣಲೆಯದ್ದು ಎಂದು ಮೂವರಿಗೂ ಗೊತ್ತಿತ್ತು. ಅವ್ವ ಬಾಯಿ ತೆಗೆದಳು. ಖಾರಕ್ಕೆ ಅವಳ ಮೂಗು ಕೆಂಪಾಯಿತು, ಕಣ್ಣು ತುಂಬಿತು, ನಗು ತಡೆಯಲಾರದೆ ಕೊಟ್ಟಿಗೆಯ ಕಂಬ ಹಿಡಿದು ಕೂತುಬಿಟ್ಟಳು. ಆ ಮಧ್ಯಾಹ್ನ ನಾನು ಜಗತ್ತಿನಲ್ಲೇ ಎಲ್ಲರಿಗಿಂತ ಸುಖಿಯಾದ ಹುಡುಗನಾಗಿದ್ದೆ.

ಗೆಳೆಯರಿಗೆ ತೋರಿಸಲೆಂದು ಒಂದು ಇಡೀ ಅಣಬೆಯನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡದ್ದು ನನಗೆ ಮರೆತೇಹೋಗಿತ್ತು. ಸಂಜೆ ಊಟಕ್ಕೆ ಕೂರುವ ಮೊದಲು ಹೊರಗಿನ ಅಂಗಿ ಬಿಚ್ಚಬೇಕು. ಆಯಿ ಅದನ್ನು ತೆಗೆದು ಹಗ್ಗಕ್ಕೆ ಹಾಕಲು ಝಾಡಿಸಿದಳು. ಅಣಬೆ ಉರುಳಿ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿತು. ಒಳಗೆ ಅವ್ವ ಜೋಳದ ಭಕ್ಕರಿ ಬಡಿಯುತ್ತಿದ್ದಳು, ಕಾಕು ಬೇಯಿಸುತ್ತಿದ್ದಳು. ಎರಡೂ ಸಪ್ಪಳ ನಿಂತವು.

“ನಾಯಿಕೊಡಿ! ನನ್ನ ಒಲಿ ಮುಂದ ನಾಯಿಕೊಡಿ! ಯಾರು ತಂದಾರ ಇದನ್ನ?”

ಆಯಿ ನನ್ನ ದವಡೆ ಹಿಡಿದು ಬಾಯಿ ಮೂಸಿದಳು.

“ತಿಂದಾನ ಬ್ಯಾರೆ! ಕೇಳಿಲ್ಲಿ. ಇದನ್ನ ಮನಿಯೊಳಗ ತಂದವರು ಇನ್ನಮ್ಯಾಲ ಈ ಹೊಸ್ತಲಾ ದಾಟಂಗಿಲ್ಲ. ಮಮ್ಮಗ ಇರ್ಲಿ, ಸೊಸಿ ಇರ್ಲಿ. ಹೇಳು, ಯಾರು?”

ಆ ಹೊಸ್ತಿಲಾಚೆ ನನ್ನ ಊಟವಿತ್ತು, ಅವ್ವನ ಮಗ್ಗುಲಿತ್ತು, ಚಳಿಗಾಲದಲ್ಲಿ ಬೆನ್ನು ಕಾಯಿಸುವ ಒಲೆಯಿತ್ತು. ನಾನು ಯೋಚಿಸಲಿಲ್ಲ. ಯೋಚಿಸಲಿಲ್ಲ ಎಂದು ಬರೆಯುವುದು ಸುಲಭ. ನಿಜ ಹೇಳಬೇಕೆಂದರೆ ಒಂದು ಕ್ಷಣ ಯೋಚಿಸಿಯೇ ಹೇಳಿದೆ.

“ಕಾಕು ತಂದಾಳ. ನಾ ಬ್ಯಾಡಂದ್ರೂ ತಿನ್ನಸ್ಯಾಳ.”

ಕಾಕು ನನ್ನನ್ನು ನೋಡಿದಳು. ಆಮೇಲೆ ಅವ್ವನನ್ನು ನೋಡಿದಳು. ಅವ್ವನ ಬಾಯಿ ತೆರೆದಿತ್ತು. ಹಂಚಿನ ಮೇಲೆ ಭಕ್ಕರಿ ಸೀಯುವ ವಾಸನೆ ಎದ್ದಿತು. ಅವ್ವ ಬಾಯಿ ಮುಚ್ಚಿದಳು.

“ಹೌದ್ರಿ ಅತ್ತಿ,” ಎಂದಳು ಕಾಕು. “ನಂದ ತಪ್ಪು.”

ಅಲ್ಲಿಂದೆದ್ದು ಹೊಸ್ತಿಲು ದಾಟಿ ಹೊರಗೆ ಬಂದವಳು ಮತ್ತೆ ಒಳಗೆ ಹೋಗಲಿಲ್ಲ. ಕೊಟ್ಟಿಗೆಯ ಮಗ್ಗುಲಿನ ಕೋಣೆಯಲ್ಲಿ ಅವಳದು ಬೇರೆ ಒಲೆಯಾಯಿತು, ಬೇರೆ ಕೊಡ, ಬೇರೆ ತಟ್ಟೆ. ಅಪ್ಪ ಎರಡು ದಿನ ಗೊಣಗಿ ಸುಮ್ಮನಾದ. ದೀಪಾವಳಿಗೆ ರಜೆಯ ಮೇಲೆ ಬಂದ ಕಾಕಾ ತಾಯಿಯ ಜೊತೆ ಜಗಳಾಡಿದ, ಆಮೇಲೆ ಹೆಂಡತಿಯ ಒಲೆಯ ಮುಂದೆ ಕೂತು ಉಂಡ. ಮಿಲಿಟರಿ ಬಿಟ್ಟ ಮೇಲೆ ಅವಳನ್ನು ಕರೆದುಕೊಂಡು ಇಚಲಕರಂಜಿಗೆ ಹೋಗಿ ಪವರ್‌ಲೂಮ್ ಹಾಕಿದ. ನನಗೆ ಒಂದು ಹೊತ್ತಿನ ಉಪವಾಸ, ಬಸದಿಯಲ್ಲಿ ಒಂದು ಪ್ರದಕ್ಷಿಣೆ. ಅಷ್ಟಕ್ಕೆ ನಾನು ಶುದ್ಧನಾದೆ. ಮರುವರ್ಷದ ಬೇಸಿಗೆಯಿಂದ ನಮ್ಮ ಮನೆಗೆ ಮಶೀನಿನ ಶಾವಿಗೆ ಬಂತು. ಎಳೆ ಎಲ್ಲ ಒಂದೇ ಸಮ ಇವೆಯಲ್ಲ ಎಂದು ನಾನು ಖುಷಿಪಟ್ಟಿದ್ದೆ.

ನಮ್ಮಲ್ಲಿ ಭಾದ್ರಪದದ ಪರ್ವ ಮುಗಿದ ಮೇಲೆ ಕ್ಷಮಾವಾಣಿ ಎಂಬ ದಿನ ಬರುತ್ತದೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪಿಗೆಲ್ಲ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳುವ ದಿನ. ಇದರಷ್ಟು ಒಳ್ಳೆಯ ಪದ್ಧತಿ ಇನ್ನೊಂದಿಲ್ಲ, ಇದರಷ್ಟು ಅನುಕೂಲದ್ದೂ ಇನ್ನೊಂದಿಲ್ಲ. ಯಾವ ತಪ್ಪು ಎಂದು ಯಾರೂ ಕೇಳುವುದಿಲ್ಲ. ನಾನು ವರ್ಷವೂ ಇಚಲಕರಂಜಿಗೆ ಹೋಗಿ ಕಾಕುವಿಗೆ ಕೈಮುಗಿದು “ಉತ್ತಮ ಕ್ಷಮಾ” ಎಂದು ಬರುತ್ತಿದ್ದೆ. ಫೋನು ಬಂದ ಮೇಲೆ ಫೋನಿನಲ್ಲಿ. ಲೆಕ್ಕ ಚುಕ್ತಾ ಆಯಿತು ಎಂದು ನಂಬಿಕೊಳ್ಳುತ್ತಿದ್ದೆ. ಸೊಸೆ ಮಾಡಿದ ನೂಡಲ್ಸ್ ತಿಂದ ಆ ಸಂಜೆ ಆ ನಂಬಿಕೆ ಮುರಿಯಿತು.

ಮರುವಾರ ಸೊಸೆಯಿಂದ ಸಾಮಾನು ಕಟ್ಟಿಸಿಕೊಂಡು ಇಚಲಕರಂಜಿಯ ಬಸ್ಸು ಹತ್ತಿದೆ. ಕಾಕಾ ಹೋಗಿ ಬಹಳ ಕಾಲವಾಯಿತು. ಕೆಳಗೆ ಮಗ್ಗ, ಮೇಲೆ ಮನೆ. ಕಾಕುವಿನ ಮಗ ಯಡ್ರಾವದಲ್ಲಿ ಹೊಸ ಶೆಡ್ ಹಾಕಿದ್ದಾನೆ, ಹಗಲೆಲ್ಲ ಅಲ್ಲೇ. ನೆಲ ಸಣ್ಣಗೆ ನಡುಗುವ ಆ ಮನೆಯಲ್ಲಿ ಕಾಕು ಮಂಚದ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಚೀಲದಿಂದ ಅಣಬೆಯ ಡಬ್ಬಿ ತೆಗೆದಿಟ್ಟೆ. ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು.

“ಏನೋ ಇದು, ಈ ವಯಸ್ನಾಗ ನನ್ನ ಕೆಡಸಾಕ ಬಂದ್ಯಾ?”

“ಆವತ್ತಿಂದು ಮಾಡಿ ಹಾಕ್ತೀನಿ ಕಾಕು. ಖಾರದ ಶಾವಗಿ.”

“ನಾ ಅಣಬಿ ಬಿಟ್ಟೇನಲ್ಲೋ! ನಿಯಮ ತಗೊಂಡೇನಿ. ಶ್ರವಣಬೆಳಗೊಳಕ್ಕ ಹೋದಾಗ.”

ನಾನು ಡಬ್ಬಿ ಹಿಡಿದುಕೊಂಡು ಪೆಚ್ಚಾಗಿ ನಿಂತೆ. ಅವಳಿಗೆ ನಗು ತಡೆಯಲಾಗಲಿಲ್ಲ.

“ಮಾರಿ ಸಣ್ಣದ ಮಾಡಬ್ಯಾಡ. ಮೊದಲ ನನಗ ಬರೇ ಕೋಬಿ ಹಾಕಿ ಮಾಡು. ಆಮ್ಯಾಲ ನಿಂದು ಬ್ಯಾರೆ ಬಾಣಲ್ಯಾಗ ಮಾಡ್ಕೊ. ಒಂದ ಸವುಟು ಎರಡಕ್ಕೂ ಹಾಕೀದಿ ನೋಡು ಮತ್ತ!”

ಹೀಗೆ ಅವಳ ಅಡುಗೆಮನೆಯಲ್ಲಿ ನಾನು ಎರಡು ಬಾಣಲೆ ಇಟ್ಟೆ. ಅವಳು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಅಪ್ಪಣೆ ಕೊಡತೊಡಗಿದಳು. ಕೋಬಿ ಇನ್ನೂ ಸಣ್ಣಗೆ ಹೆಚ್ಚು. ಉರಿ ದೊಡ್ಡದು ಮಾಡು, ಹೆದರಬ್ಯಾಡ. ನೂಡಲ್ಸ್ ಮೆತ್ತಗಾಗಾಕತ್ತಾವ, ಬಸಿ, ಬಸಿ. ಅಣಬೆ ನೀರು ಬಿಟ್ಟು ಚುರುಗುಟ್ಟುವಾಗ ನಾನು ಅವಳಿಗೆ ಬೆನ್ನು ತಿರುಗಿಸಿಕೊಂಡೇ, ಬಾಣಲೆಗೆ ಹೇಳುವವನಂತೆ ಹೇಳಿದೆ.

“ಕಾಕು, ಅಣಬಿ ತಂದಾವ ನಾನು. ನೀ ತಂದಿ ಅಂತ ಸುಳ್ಳ ಹೇಳಿದೆ. ತಪ್ಪಾತು.”

ಹಿಂದೆ ಅವಳು ಕುರ್ಚಿ ಮುಂದೆ ಎಳೆದುಕೊಂಡ ಸದ್ದಾಯಿತು. ಆಮೇಲೆ ಅವಳೆಂದಳು:

“ಅಷ್ಟನಾ? ವರ್ಷಾ ವರ್ಷಾ ಕೈ ಮುಗದಿ. ಯಾತಕ್ಕ ಅಂತ ಹೇಳಾಕ ಇಷ್ಟ ಮುದುಕ ಆಗಬೇಕಾತಾ? ಉರಿ ಸಣ್ಣ ಮಾಡು, ಸೀಯಾಕತ್ತೈತಿ.”

“ನನ್ನಿಂದ ನಿನ್ನ ಹೊರಗ ಹಾಕಿದ್ರು.”

“ಹಾಕಿದ್ರು. ಒಂದ ತಿಂಗಳ ಅಳಕೊಂತ ಕುಂತೆ. ಆಮ್ಯಾಲ ನೋಡಿದೆ, ನನ್ನ ಒಲಿ ಮುಂದ ಕೆಮ್ಮಾವರ ಯಾರೂ ಇಲ್ಲ! ಹಾಡ್ಕೊಂತ ಅಡಗಿ ಮಾಡಿದೆ. ಬೇಕಾದಾಗ ಉಂಡೆ. ನಿಮ್ಮ ಕಾಕಾ ಬಂದವರು ಬ್ಯಾರೆ ಒಲಿ ರುಚಿ ಹತ್ತಿ ಬ್ಯಾರೆ ಊರ ಮಾಡಿದ್ರು. ಈ ಮನಿ, ಈ ಮಗ್ಗ, ಎಲ್ಲಾ ನಿನ್ನ ಸುಳ್ಳಿನ ಮ್ಯಾಲ ನಿಂತಾವ ತಿಳಕೊ.”

ನಾನು ಗ್ಯಾಸ್ ಆರಿಸಿ ಕಟ್ಟೆಗೆ ಒರಗಿದೆ. ಎದೆಯ ಮೇಲಿನ ಬೆಲ್ಲದ ಪೆಂಟೆಯನ್ನು ಯಾರೋ ಎತ್ತಿ ಕೆಳಗಿಟ್ಟ ಹಾಗಾಯಿತು. ಇಬ್ಬರೂ ತಟ್ಟೆ ಹಿಡಿದು ಕೂತೆವು. ಅವಳು ನೂಡಲ್ಸನ್ನು ಬೆರಳಿಗೆ ಸುತ್ತಿಕೊಂಡು ತಿಂದು, ಆ ನೇಪಾಳಿ ಹೆಂಗಸಿನ ಕೈರುಚಿ ಬಂದಿಲ್ಲ, ಆದರೆ ತಿನ್ನಬಹುದು ಎಂದಳು. ನಾನು ಬಹಳ ಹೊತ್ತು ನಕ್ಕೆ. ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು. ಅವಳು ಅರ್ಧ ತಿಂದು, ತಟ್ಟೆಯಲ್ಲಿ ಎಳೆಗಳನ್ನು ಸರಿಸತೊಡಗಿದಳು.

“ನಂದು ಬಿಡೋ ಭರ್ತ್ಯಾ. ಅಕ್ಕಾನ ಪಾಡ ನೀ ನೋಡಲಿಲ್ಲ.”

“ಅವ್ವಂದಾ?”

“ಮರುದಿನಾ ನಸಕಿನ್ಯಾಗ ನನ್ನ ಕ್ವಾಣಿಗೆ ಬಂದ್ಲು. ದೊಡ್ಡಾಕಿ, ನನ್ನ ಕಾಲ ಹಿಡಿಯಾಕ ಬಗ್ಗಿದ್ಲು. ‘ನನ್ನ ಮಗಾ ತಂದಾನ ತಂಗಿ, ನನಗ ಗೊತ್ತೈತಿ. ಬಾಯಿ ಬಿಟ್ರ ಅವನ್ನ ಹೊರಗ ಹಾಕ್ತಾರ ಅಂತ ಸುಮ್ಮನಾದೆ,’ ಅಂದ್ಲು. ನಾ ಎಬ್ಬಿಸಿ ತೆಕ್ಕಿಗೆ ಹಾಕ್ಕೊಂಡೆ. ಆಯಿ ನೋಡಿಬಿಟ್ರು. ಅವತ್ತಿಂದ ನನ್ನ ಕೂಡ ಮಾತಾಡಬಾರದು ಅಂತ ಆಕಿಗೆ ಆಣಿ ಹಾಕಿಸಿದ್ರು. ನೀರಿಗೆ ಬಂದ್ರ ನಾ ಬಾವಿ ಆ ಕಡೆ, ಆಕಿ ಈ ಕಡೆ. ಕೊಡಾ ತುಂಬೂ ತನಕ ಬರೇ ನೋಡ್ತಿದ್ಲು.” ಕಾಕು ಸೆರಗಿನಿಂದ ಮೂಗು ಒರೆಸಿಕೊಂಡಳು. “ನಾ ಹೊರಗ ಬಿದ್ದೆ, ಬದುಕಿದೆ. ಆಕಿ ಒಳಗ ಉಳದ್ಲು.”

ಕೊಲ್ಹಾಪುರದ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಸೀಟು ಸಿಕ್ಕಿತು. ಮನಸ್ಸು ಹಗುರವಾಗಿತ್ತು. ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ಹಗುರವಾಗಿತ್ತು. ಕಾಕುವಿನ ಬಾಳು ನನ್ನಿಂದ ಹಾಳಾಯಿತು ಎಂದು ಇಷ್ಟು ಕಾಲ ಹೊತ್ತಿದ್ದ ಭಾರ ಖಾಲಿ ಭಾರವಾಗಿತ್ತು. ಆದರೆ ಅದರ ಕೆಳಗೆ ಇನ್ನೊಂದು ಇತ್ತು, ನಾನು ಎಂದೂ ಮುಟ್ಟಿ ನೋಡಿರದದ್ದು. ಅವ್ವನ ನಗುವನ್ನು ನಾನು ಅವಳು ಕಾಕುವಿನ ಜೊತೆ ಇದ್ದಾಗ ಮಾತ್ರ ಕೇಳಿದ್ದೆ. ಅದು ಆ ಸಂಜೆಯಿಂದ ನಿಂತುಹೋಯಿತೆಂದು ನನಗೆ ತಿಳಿದದ್ದು, ಮುದುಕನಾಗಿ, ಕಬ್ಬಿನ ಟ್ರಾಕ್ಟರುಗಳ ಹಿಂದೆ ಕುಂಟುತ್ತ ಸಾಗಿದ ಆ ಬಸ್ಸಿನಲ್ಲಿ. ಮನೆಯಲ್ಲಿ ಆಯಿ ಇರುವ ತನಕ ಅವ್ವ ಆ ಒಲೆಯ ಮುಂದೆ ಒಬ್ಬಳೇ ಕೂತಳು. ನಾನು ಎದುರಿಗೆ ಕೂತು ಬಿಸಿ ಬಿಸಿ ಭಕ್ಕರಿ ಉಂಡೆ. ಕ್ಷಮಾವಾಣಿಯ ದಿನ ಓಣಿಗೆಲ್ಲ ಕೈಮುಗಿದು ಕೊನೆಗೆ ಅವ್ವನ ಮುಂದೆ ನಿಂತರೆ ಅವಳು ಹಿಟ್ಟಿನ ಕೈಯಿಂದ ನನ್ನನ್ನು ತಳ್ಳುತ್ತಿದ್ದಳು.

“ಹೋಗೋ, ನನ್ನ ಕೂಡ ನಿಂದೇನ ತಪ್ಪು?”

ನಾನು ಹೌದೆಂದು ನಂಬಿ ಆಟಕ್ಕೆ ಓಡುತ್ತಿದ್ದೆ. ದೊಡ್ಡವನಾದ ಮೇಲೂ ಓಡುತ್ತಲೇ ಇದ್ದೆ. ಅವಳು ತೀರಿಕೊಂಡ ವರ್ಷವೂ ಕೊಲ್ಹಾಪುರದಿಂದ ಬಂದು, ಎಲ್ಲರಿಗೂ ಕೈಮುಗಿದು, ಅವಳ ಹಾಸಿಗೆಯ ಮಗ್ಗುಲಲ್ಲಿ ಕೂತ ನನಗೆ ಕೇಳಬೇಕಾದದ್ದು ಏನಾದರೂ ಇದೆ ಎಂದು ಅನ್ನಿಸಿರಲಿಲ್ಲ. ಆ ಮನೆಯಲ್ಲಿ ಅವಳ ಹೆಸರನ್ನು ಯಾರೂ ಕರೆಯುತ್ತಿರಲಿಲ್ಲ. ಆಯಿಗೆ ಅವಳು ದೊಡ್ಡಾಕಿ, ಅಪ್ಪನಿಗೆ “ಏ, ಕೇಳೇನ,” ಕಾಕುವಿಗೆ ಅಕ್ಕಾ, ನನಗೆ ಅವ್ವ. ತಪ್ಪನ್ನು ತಪ್ಪೆಂದೇ ಹೇಳಬೇಕು, ಯಾರಿಗೆ ಮಾಡಿದೆನೋ ಅವರ ಹೆಸರು ಹಿಡಿದೇ ಹೇಳಬೇಕು ಎಂಬುದನ್ನು ಈಗ ಕಲಿತಿದ್ದೇನೆ. ನಾನು ಎಂದೂ ಕ್ಷಮೆ ಕೇಳದ ಆ ಹೆಂಗಸಿನ ಹೆಸರು ಸುಮತಿ.